ಅರಸೀಕೆರೆಯ ಫೋನಿನಲ್ಲಿ ಕೀನ್ಯಾದ ಧೂಳು

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡು, ಅಲ್ಲಿಂದ 16 ಕಿ.ಮೀ. ದಾಟಿದರೆ ಬೇಲೂರು. ತೆಂಗಿನ ಬಯಲಲ್ಲಿ ಹೊರಟ ಈ ದಾರಿ ಕಾಫಿ ಸೀಮೆಯ ಬಾಗಿಲಲ್ಲಿ ಮುಗಿಯುವಷ್ಟರಲ್ಲಿ ನೂರೆಂಟು ಬಗೆಯ ಗಾಡಿಗಳು ಕಣ್ಣಿಗೆ ಬೀಳುತ್ತವೆ: ಕೊಬ್ಬರಿ ಮೂಟೆ ಹೊತ್ತ ಲಾರಿ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಎಸ್ಟೇಟಿನ ಕೆಸರು ಮೆತ್ತಿದ ಜೀಪು, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಹೊಸ ಎಸ್‌ಯುವಿ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಇಷ್ಟೆಲ್ಲ ಗಾಡಿಗಳ ನಡುವೆ ಬೆಳೆಯುವ ಹುಡುಗರಿಗೆ ಗಾಡಿಯ ಹುಚ್ಚು ಹಿಡಿಯುವುದು ಸಹಜ. ಆದರೆ ರೇಸು ನೋಡಬೇಕೆಂದರೆ ಟ್ರ್ಯಾಕ್‌ಗಳೆಲ್ಲ ದೂರ. ಒಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ, ಇನ್ನೊಂದು ಕೊಯಮತ್ತೂರಿನಲ್ಲಿ, ಮತ್ತೊಂದು ಅಷ್ಟು ದೂರದ ಗ್ರೇಟರ್ ನೋಯ್ಡಾದಲ್ಲಿ. ಹಾಗಾಗಿ ಇಲ್ಲಿನವರ ಮಟ್ಟಿಗೆ ಮೋಟಾರು ಕ್ರೀಡೆ ಎಂದರೆ ಬಹುಪಾಲು ಫೋನಿನ ಪರದೆ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನೋಡಲು ಸಿಗುವುದೋ ಇಲ್ಲವೋ ಎಂಬ ಚಿಂತೆ ಹೋಯಿತು. ಏನನ್ನು ನೋಡಬೇಕು ಎನ್ನುವುದು ಉಳಿದುಕೊಂಡಿತು.

ಇದಕ್ಕೆ ನನ್ನ ಉತ್ತರ ಜನಪ್ರಿಯತೆಯ ಪಟ್ಟಿಗೆ ಹೊಂದುವುದಿಲ್ಲ. ಲಕ್ಷಗಟ್ಟಲೆ ಜನ ನೋಡುವ ಯೂಟ್ಯೂಬ್ ಚಾನೆಲ್‌ಗಳಲ್ಲಿ ಹೆಚ್ಚಿನವು ಹೊಸ ಕಾರಿನ ಬೆಲೆ, ಸನ್‌ರೂಫು, ಪರದೆಯ ಅಳತೆ ಹೇಳಿ ಮುಗಿಸುತ್ತವೆ. ಇಲ್ಲವೇ ಹೆದ್ದಾರಿಯಲ್ಲಿ ಸ್ಪೀಡೋಮೀಟರ್ ಮುಳ್ಳು ಎಲ್ಲಿಗೆ ಹೋಯಿತೆಂದು ತೋರಿಸುತ್ತವೆ. ಗಾಡಿ ಹಾಗೇಕೆ ವರ್ತಿಸುತ್ತದೆ, ಚಾಲಕ ಆ ಕ್ಷಣದಲ್ಲಿ ಹಾಗೇಕೆ ಮಾಡಿದ ಎಂಬ ಕಾರಣ ತೋರಿಸುವ ಚಾನೆಲ್‌ಗಳು ಕಡಿಮೆ. ಅರಸೀಕೆರೆ, ಬೇಲೂರು ಕಡೆಯ ಆಸಕ್ತರಿಗೆ ನಾನು ಸೂಚಿಸುವುದು ಇವನ್ನೇ. ಅವುಗಳಲ್ಲೂ ಮೊದಲ ಸ್ಥಾನ ಫಾರ್ಮುಲಾ 1ಕ್ಕಲ್ಲ, ರ‍್ಯಾಲಿಗೆ.

ಕಾರಣ ಪಕ್ಕದಲ್ಲೇ ಇದೆ. ಬೇಲೂರಿನಿಂದ ಸುಮಾರು 25 ಕಿ.ಮೀ. ದೂರದ ಚಿಕ್ಕಮಗಳೂರು ದೇಶದ ರ‍್ಯಾಲಿ ಭೂಪಟದಲ್ಲಿ ದೊಡ್ಡ ಹೆಸರು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ 1988ರಿಂದ ನಡೆಯುತ್ತಿದೆ, ಅದರ ಸುತ್ತುಗಳು ಇಲ್ಲಿನ ಎಸ್ಟೇಟ್ ರಸ್ತೆಗಳಲ್ಲಿ ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತೂ ಕೆಲವು ವರ್ಷ ಇದೇ ತೋಟಗಳ ನಡುವೆ ನಡೆಯಿತು. ಆ ಚಾಂಪಿಯನ್‌ಶಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರು ಕ್ರೀಡೆಯಿಂದ ಆ ಪ್ರಶಸ್ತಿ ಪಡೆದ ಮೊದಲಿಗರು ಅವರು. ಟ್ರ್ಯಾಕ್ ರೇಸಿಗೆ ನಯವಾದ ಡಾಂಬರು ಬೇಕು, ನೂರಾರು ಕೋಟಿ ಬೇಕು. ರ‍್ಯಾಲಿ ನಡೆಯುವುದು ಕೆಂಪು ಮಣ್ಣು, ಜಲ್ಲಿ, ಕೆಸರು, ಮರದ ಬೇರು ಇರುವ ರಸ್ತೆಯಲ್ಲಿ. ಅದು ನೋಡುಗನಿಗೆ ಗೊತ್ತಿರುವ ರಸ್ತೆ. ಮೊನಾಕೊದ ತಿರುವು ಎಷ್ಟು ಕಷ್ಟ ಎಂದು ನಮಗೆ ಬೇರೆಯವರು ಹೇಳಬೇಕು. ಮಳೆ ಬಿದ್ದ ಮರುದಿನ ತೋಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆಂದು ಯಾರೂ ಹೇಳಬೇಕಾಗಿಲ್ಲ.

ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಅಧಿಕೃತ ಚಾನೆಲ್ಲಿಗೆ, ಅಂದರೆ ಡಬ್ಲ್ಯುಆರ್‌ಸಿಗೆ ಹೋಗಿ ‘ಆನ್‌ಬೋರ್ಡ್’ ಎಂದು ಹುಡುಕಿ. ಕಾರಿನೊಳಗೆ ಕಟ್ಟಿದ ಕ್ಯಾಮೆರಾದ ದೃಶ್ಯಗಳು ಸಿಗುತ್ತವೆ. ಮೊದಲ ಸಲ ನೋಡುವವರ ಕಣ್ಣು ರಸ್ತೆಗೇ ಅಂಟಿಕೊಂಡಿರುತ್ತದೆ. ಎರಡನೇ ಸಲ ಕಿವಿಗೊಟ್ಟು ನೋಡಿ. ಪಕ್ಕದ ಸೀಟಿನಲ್ಲಿ ಕೂತವರು ಒಂದೇ ಲಯದಲ್ಲಿ ಏನನ್ನೋ ಓದುತ್ತಲೇ ಇರುತ್ತಾರೆ. ಅದು ಪೇಸ್ ನೋಟ್. ಸ್ಪರ್ಧೆಗೆ ಮುಂಚೆ ಇಬ್ಬರೂ ಅದೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಂಡಿರುತ್ತಾರೆ. ಎಡವೋ ಬಲವೋ, ಎಷ್ಟು ಬಿಗಿ, ಎಷ್ಟು ಮೀಟರ್ ಆದ ಮೇಲೆ, ದಿಬ್ಬದ ಹಿಂದೆ ಅಡಗಿದೆಯೋ, ಒಳಅಂಚಿನಲ್ಲಿ ಕಲ್ಲಿದೆಯೋ ಎಲ್ಲವೂ ಅದರಲ್ಲಿರುತ್ತದೆ. ಬಿಗಿತಕ್ಕೆ ಒಂದರಿಂದ ಆರರವರೆಗೆ ಅಂಕೆ ಕೊಡುವ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯವಾಗಿ ಒಂದು ಎಂದರೆ ಕಡಿದಾದ ತಿರುವು, ಆರು ಎಂದರೆ ವೇಗ ಬಿಡದೆ ಹೋಗುವಂಥದ್ದು. ಗಮನಿಸಬೇಕಾದ್ದು ಓದುವ ಹೊತ್ತನ್ನು. ತಿರುವು ಕಣ್ಣಿಗೆ ಬೀಳುವ ಮುಂಚೆಯೇ ಅದರ ಅಂಕೆ ಚಾಲಕನ ಕಿವಿಗೆ ಬಿದ್ದಿರುತ್ತದೆ. ಅವನು ಬ್ರೇಕ್ ಒತ್ತುವುದು ಕಂಡದ್ದಕ್ಕಲ್ಲ, ಕೇಳಿದ್ದಕ್ಕೆ. ಬ್ರೇಕ್ ಬಿಗಿಯಾದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂಭಾಗ ಹಗುರಾಗಿ ಜಾರುತ್ತದೆ, ಆ ಜಾರುವಿಕೆಯಲ್ಲೇ ಮೂಗು ತಿರುಗುತ್ತದೆ, ಸ್ಟೇರಿಂಗ್ ತಿರುವಿಗೆ ಎದುರು ದಿಕ್ಕಿನಲ್ಲಿ ನಿಲ್ಲುತ್ತದೆ. ಹತ್ತು ನಿಮಿಷದ ಒಂದು ಆನ್‌ಬೋರ್ಡ್ ದೃಶ್ಯವನ್ನು ಹೀಗೆ ನೋಡಿದರೆ ಹತ್ತು ಹೊಗಳಿಕೆಯ ವಿಮರ್ಶೆಗಳು ಕೊಡದ ತಿಳಿವಳಿಕೆ ಸಿಗುತ್ತದೆ. ಪೇಸ್ ನೋಟ್ ಓದುವ ಕಲೆಯಲ್ಲಿ ಹೆಸರಾದ ಸಹಚಾಲಕ ಮೂಸಾ ಶರೀಫ್ ನಮ್ಮ ನೆರೆಯ ಕಾಸರಗೋಡಿನವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಗೆದ್ದವರ ಹೆಸರು ಹೇಳುವಾಗ ಪಕ್ಕದ ಸೀಟನ್ನು ಮರೆಯುವುದು ನಮ್ಮ ಪತ್ರಿಕೆಗಳ ಹಳೆಯ ಚಾಳಿ.

ಅದೇ ಚಾನೆಲ್ಲಿನಲ್ಲಿ ಕೀನ್ಯಾದ ಸಫಾರಿ ರ‍್ಯಾಲಿಯನ್ನು ತಪ್ಪಿಸಬೇಡಿ. 2002ರ ನಂತರ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗುಳಿದಿದ್ದ ಅದು 2021ರಲ್ಲಿ ನೈವಾಶಾ ಸರೋವರದ ಸುತ್ತಮುತ್ತ ಮರಳಿ ಬಂತು. ಬೇಸಗೆಯಲ್ಲಿ ಅರಸೀಕೆರೆ ಕಡೆಯ ಮಣ್ಣುರಸ್ತೆಯಲ್ಲಿ ಮುಂದಿನ ಲಾರಿ ಎಬ್ಬಿಸಿದ ಧೂಳಿನಲ್ಲಿ ಗಾಡಿ ಓಡಿಸಿದವರಿಗೆ ಆ ದೃಶ್ಯಗಳು ಪರಕೀಯ ಅನ್ನಿಸವು. ಹಿಟ್ಟಿನಷ್ಟು ನುಣುಪಾದ ಧೂಳು ಆಳದ ಗಾಲಿಹಳ್ಳಗಳನ್ನು ಮುಚ್ಚಿಬಿಟ್ಟಿರುತ್ತದೆ. ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಮೇಲಕ್ಕೆತ್ತಿ ಕಟ್ಟಿಕೊಂಡ ಕಾರುಗಳೂ ಅದರಲ್ಲಿ ಹೂತು ನಿಲ್ಲುತ್ತವೆ. ಈ ರ‍್ಯಾಲಿಯ ಇತಿಹಾಸದಲ್ಲಿ ಭಾರತೀಯ ಮೂಲದವರ ಪಾಲು ದೊಡ್ಡದು. ಜೋಗಿಂದರ್ ಸಿಂಗ್ 1965, 1974 ಮತ್ತು 1976ರಲ್ಲಿ ಗೆದ್ದರು. ಶೇಖರ್ ಮೆಹ್ತಾ ಐದು ಸಲ ಗೆದ್ದರು, ಅದರಲ್ಲಿ 1979ರಿಂದ 1982ರವರೆಗೆ ಸತತ ನಾಲ್ಕು ಸಲ. ಭಾರತೀಯರಿಗೂ ಈ ಕ್ರೀಡೆಗೂ ಏನು ಸಂಬಂಧ ಎನ್ನುವವರಿಗೆ ಇಷ್ಟು ಸಾಕು. ಬೈಕಿನವರಿಗೆ ಡಕಾರ್ ರ‍್ಯಾಲಿಯ ಅಧಿಕೃತ ಚಾನೆಲ್ ಇದೆ. 2015ರಲ್ಲಿ ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. ಮರುಭೂಮಿ ಓಟದ ಇನ್ನೊಂದು ಸರಣಿ, ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು 2019ರಲ್ಲಿ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಅದೇ ಊರಿನವರು.

ಫಾರ್ಮುಲಾ 1 ಬೇಡವೆಂದಲ್ಲ. ಅದರ ಅಧಿಕೃತ ಚಾನೆಲ್ಲಿನಲ್ಲಿ ಪ್ರತಿ ರೇಸಿನ ಮುಖ್ಯ ತುಣುಕುಗಳು ಬಿಟ್ಟಿಯಾಗಿ ಸಿಗುತ್ತವೆ. ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 1ರ ಕೆಳಗಿನ ಹಂತವಾದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಮೇಲೆ ನಮ್ಮವರ ಆಸಕ್ತಿಗೂ ಕಾರಣವಿದೆ. ಆದರೆ ಬರೀ ತುಣುಕು ನೋಡಿದರೆ ಅದು ಸುತ್ತು ಹೊಡೆಯುವ ಕಾರುಗಳ ಸಾಲು, ಅಷ್ಟೆ. ಒಬ್ಬ ಚಾಲಕ ಎದುರಾಳಿಗಿಂತ ಒಂದು ಸುತ್ತು ಮೊದಲೇ ಟಯರ್ ಬದಲಿಸಿಕೊಂಡು, ಹೊಸ ಟಯರಿನ ಹಿಡಿತದಿಂದ ಒಂದೆರಡು ಸೆಕೆಂಡ್ ಉಳಿಸಿ, ಟ್ರ್ಯಾಕ್ ಮೇಲೆ ಹಿಂದಿಕ್ಕದೆಯೇ ಮುಂದೆ ಬರುವುದು ಹೇಗೆಂಬುದನ್ನು ಚೈನ್ ಬೇರ್ ಎಂಬ ಚಾನೆಲ್ ಸರಳ ರೇಖಾಚಿತ್ರಗಳಲ್ಲಿ ಬಿಡಿಸಿ ಹೇಳುತ್ತದೆ. ಡ್ರೈವರ್61 ಚಾನೆಲ್ಲಿನವರು ಸ್ವತಃ ರೇಸ್ ಓಡಿಸಿದವರು. ಬ್ರೇಕನ್ನು ಎಲ್ಲಿ ಒತ್ತಬೇಕು ಎನ್ನುವುದಕ್ಕಿಂತ ಹೇಗೆ ಬಿಡಬೇಕು ಎನ್ನುವುದು ಮುಖ್ಯ ಎಂದು ಅವರು ವಿವರಿಸುವುದನ್ನು ನೋಡಿ, ಆಮೇಲೆ ರೇಸು ನೋಡಿ.

ಗಾಡಿಯ ಒಳಗಿನ ವಿದ್ಯೆಗೆ ಬಂದರೆ ನನ್ನ ಮೊದಲ ಶಿಫಾರಸು 1937ರ ಒಂದು ಕಪ್ಪುಬಿಳುಪು ಚಿತ್ರ. ಹೆಸರು ‘ಅರೌಂಡ್ ದ ಕಾರ್ನರ್’, ಯೂಟ್ಯೂಬ್‌ನಲ್ಲಿದೆ. ಲಾರಿ, ಜೀಪುಗಳ ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿದ ಭಾಗವಿದೆಯಲ್ಲ, ಅದರೊಳಗಿನ ಡಿಫರೆನ್ಷಿಯಲ್ ಹೇಗೆ ಕೆಲಸ ಮಾಡುತ್ತದೆ ಎಂಬುದೇ ವಿಷಯ. ಮೊದಲು ಮೋಟಾರ್ ಸೈಕಲ್ ಸವಾರರ ಸಾಲೊಂದು ತಿರುವು ತೆಗೆದುಕೊಳ್ಳುತ್ತದೆ. ಹೊರಗಿನ ಸವಾರ ಒಳಗಿನವನಿಗಿಂತ ಹೆಚ್ಚು ದೂರ ಹೋಗಬೇಕು ಎಂಬುದು ಕಣ್ಣಿಗೇ ಕಾಣುತ್ತದೆ. ಹಾಗಾದರೆ ಒಂದೇ ಎಂಜಿನ್ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸುವುದು ಹೇಗೆ? ಎರಡು ಚಕ್ರ, ಕೆಲವು ಕಡ್ಡಿ, ನಡುವೆ ಒಂದು ಅಡ್ಡಪಟ್ಟಿ ಇಟ್ಟುಕೊಂಡು ಶುರುಮಾಡುತ್ತಾರೆ. ಕಡ್ಡಿಗಳ ಸಂಖ್ಯೆ ಹೆಚ್ಚುತ್ತಾ ಹೋಗಿ ಅವೇ ಹಲ್ಲುಗಳಾಗುತ್ತವೆ, ಹಲ್ಲುಗಳು ಗೇರ್ ಆಗುತ್ತವೆ. ನೋಡನೋಡುತ್ತ ನಿಜವಾದ ಡಿಫರೆನ್ಷಿಯಲ್ ಕಣ್ಣೆದುರು ನಿಂತಿರುತ್ತದೆ. ಇಂಗ್ಲಿಷ್ ಬಾರದವರಿಗೂ ಚಿತ್ರ ಅರ್ಥವಾಗುತ್ತದೆ. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುವಾಗ ಇನ್ನೊಂದು ಸುಮ್ಮನೆ ನಿಂತಿರುವುದೇಕೆ ಎಂದು ತೋಟದ ದಾರಿಯಲ್ಲಿ ತಲೆ ಕೆಡಿಸಿಕೊಂಡವರಿಗೆ ಉತ್ತರವೂ ಅದರಲ್ಲೇ ಇದೆ. ಇಲ್ಲೊಂದು ಸ್ವಾರಸ್ಯವಿದೆ: ಈ ಚಿತ್ರ ತಯಾರಾದದ್ದು ಷೆವರ್ಲೆ ಕಂಪನಿಗಾಗಿ, ಅಂದರೆ ಒಂದು ಬಗೆಯ ಜಾಹೀರಾತು. ಕಂಪನಿಯ ಹಣ ಬಂತೆಂದ ಮಾತ್ರಕ್ಕೆ ವಿಡಿಯೊ ಕೆಟ್ಟದಾಗುವುದಿಲ್ಲ. ಹೊಸ ಕಾಲದಲ್ಲಿ ಇದೇ ಕೆಲಸವನ್ನು ಎಂಜಿನಿಯರಿಂಗ್ ಎಕ್ಸ್‌ಪ್ಲೇನ್ಡ್ ಮತ್ತು ಲೆಸಿಕ್ಸ್ ಚಾನೆಲ್‌ಗಳು ಮಾಡುತ್ತಿವೆ. ಎರಡನೆಯದರ ಅನಿಮೇಶನ್‌ಗಳು ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪಠ್ಯದ ಜೊತೆಗೆ ಚೆನ್ನಾಗಿ ಒದಗುತ್ತವೆ.

ಕಾರು ಕೊಳ್ಳುವವರು ಯಾವ ವಿಮರ್ಶೆಗೂ ಮೊದಲು ನೋಡಬೇಕಾದ್ದು ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಚಾನೆಲ್. ಅಲ್ಲಿ ನಿರೂಪಕರ ಬಣ್ಣದ ಮಾತಿಲ್ಲ. ಕಾರೊಂದು ಗಂಟೆಗೆ 64 ಕಿ.ಮೀ. ವೇಗದಲ್ಲಿ ಹೋಗಿ ತಡೆಗೋಡೆಗೆ ಗುದ್ದುತ್ತದೆ, ಒಳಗಿನ ಬೊಂಬೆಗಳಿಗೆ ಏನಾಯಿತೆಂದು ನಿಧಾನಗತಿಯಲ್ಲಿ ಕಾಣುತ್ತದೆ. 2014ರ ಜನವರಿಯಲ್ಲಿ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳನ್ನು ಹೀಗೆ ಗುದ್ದಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅವುಗಳಲ್ಲಿ ಒಂದಾದ ಪೋಲೊವನ್ನು ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು. ಎರಡೂ ವಿಡಿಯೊ ಅಕ್ಕಪಕ್ಕ ಇಟ್ಟು ನೋಡಿದವರು ಮುಂದೆ ಶೋರೂಮಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆಯೇ ಬದಲಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್‌ಗೆ ಐದು ನಕ್ಷತ್ರ ಸಿಕ್ಕಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ನಮ್ಮ ರಸ್ತೆಯಲ್ಲಿ ಯಾರು ಗೋಡೆಗೆ ಗುದ್ದುತ್ತಾರೆ, ಇಲ್ಲಿ ಬರುವುದು ಎದುರಿನ ಲಾರಿ ತಾನೆ ಎಂದು ಕೆಲವರು ಕೇಳುತ್ತಾರೆ. ಪರೀಕ್ಷೆ ಎಲ್ಲ ಅಪಘಾತಗಳನ್ನೂ ಅನುಕರಿಸುವುದಿಲ್ಲ, ನಿಜ. ಆದರೆ ಎದುರಿನ ಗಾಡಿಗೆ ಅರೆಪಾಲು ತಗುಲಿದಂತೆ ಗುದ್ದಿಸುವ ಅದರ ಕ್ರಮ ಇಂಥ ಇಕ್ಕಟ್ಟು ರಸ್ತೆಯ ಮುಖಾಮುಖಿ ಡಿಕ್ಕಿಗೆ ಬಹಳ ಹತ್ತಿರ.

ಗ್ಯಾರೇಜಿನವರ ಮಾತು ಬೇರೆ. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಸದ್ದು ಕೇಳಿಯೇ ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡುತ್ತಿದ್ದ ಕೈಗಳಿಗೆ ಸೆನ್ಸರ್, ಸ್ಕ್ಯಾನರ್, ಎರರ್ ಕೋಡ್ ಎದುರಾದವು. ಅಮೆರಿಕದ ಸಣ್ಣ ಊರೊಂದರ ಗ್ಯಾರೇಜಿನಿಂದ ಬರುವ ಸೌತ್ ಮೇನ್ ಆಟೊ, ಮತ್ತು ಸ್ಕ್ಯಾನರ್‌ಡ್ಯಾನರ್ ಚಾನೆಲ್‌ಗಳು ಇವರಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥವು. ಅಲ್ಲಿನ ಕಾರುಗಳಲ್ಲಿ ಹೆಚ್ಚಿನವು ನಮ್ಮಲ್ಲಿಲ್ಲ. ಆದರೆ ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸದೆ, ಮೊದಲು ಅದಕ್ಕೆ ಕರೆಂಟ್ ಬರುತ್ತಿದೆಯೋ, ಅರ್ತ್ ಸರಿಯಿದೆಯೋ, ವೈರು ಇಲಿ ಕಡಿದಿದೆಯೋ ಎಂದು ಮೀಟರ್ ಹಿಡಿದು ನೋಡುವ ಕ್ರಮ ಎಲ್ಲ ಗಾಡಿಗೂ ಒಂದೇ. ಗಿರಾಕಿಯ ಸಾವಿರಾರು ರೂಪಾಯಿ ಉಳಿಯುವುದು ಅಲ್ಲೇ.

ಇನ್ನು ವಿಮರ್ಶೆಗಳು. ಆಟೊಕಾರ್ ಇಂಡಿಯಾ, ಓವರ್‌ಡ್ರೈವ್, ಪವರ್‌ಡ್ರಿಫ್ಟ್ ತಕ್ಕಮಟ್ಟಿಗೆ ಕೆಲಸ ಬಲ್ಲ ಚಾನೆಲ್‌ಗಳು. ಕನ್ನಡದಲ್ಲೇ ಬೇಕೆನ್ನುವವರಿಗೆ ಡ್ರೈವ್‌ಸ್ಪಾರ್ಕ್ ಇದೆ. ಆದರೆ ಮೊದಲ ದಿನದ ವಿಮರ್ಶೆಗಳು ಸಾಮಾನ್ಯವಾಗಿ ಕಂಪನಿಯೇ ಏರ್ಪಡಿಸಿದ ಓಡಾಟದಲ್ಲಿ, ಕಂಪನಿಯೇ ಆರಿಸಿದ ರಸ್ತೆಯಲ್ಲಿ ಆಗುತ್ತವೆ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಮೂಟೆ ಹಾಕಿ ಉಬ್ಬು ದಾಟುವಾಗ ತಳ ತಗುಲುತ್ತದೆಯೇ? ಕೆಟ್ಟರೆ ಹಾಸನದಲ್ಲಿ ರಿಪೇರಿಯಾಗುತ್ತದೆಯೋ, ಬೆಂಗಳೂರಿಗೇ ಎಳೆದೊಯ್ಯಬೇಕೋ? ಇವನ್ನು ಅವರು ಹೇಳುವುದಿಲ್ಲ. ಜಾಹೀರಾತನ್ನು ಜಾಹೀರಾತೆಂದೇ ತೋರಿಸಬೇಕು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ನಿಯಮ ತಂದಿದೆ. ವಿಡಿಯೊ ಆರಂಭದಲ್ಲಿ ಮೂಲೆಯಲ್ಲಿ ಬರುವ ಪಾವತಿ ಪ್ರಚಾರದ ಸೂಚನೆಯನ್ನು ಓದಿ ಮುಂದೆ ಹೋಗಿ. ಒಂದೇ ಕಾರಿನ ವರ್ಷದ ನಂತರದ, ಐವತ್ತು ಸಾವಿರ ಕಿ.ಮೀ. ನಂತರದ ವಿಡಿಯೊ ಹುಡುಕುವುದು ಇನ್ನೂ ಒಳ್ಳೆಯದು.

ಇದಕ್ಕೆಲ್ಲ ದೊಡ್ಡ ಆಕ್ಷೇಪ ಒಂದಿದೆ, ಅದನ್ನು ಹಗುರಾಗಿ ತೆಗೆದುಕೊಳ್ಳಲಾಗದು. ರ‍್ಯಾಲಿ ನೋಡಿದ ಹುಡುಗ ಹಳೇಬೀಡು ರಸ್ತೆಯಲ್ಲಿ ಅದನ್ನೇ ಮಾಡಲು ಹೋಗುವುದಿಲ್ಲವೇ? 2023ರ ಮೇ ತಿಂಗಳಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಒಬ್ಬ ಬೈಕ್ ಯೂಟ್ಯೂಬರ್ ಅತಿವೇಗದಲ್ಲಿ ಹೋಗಿ ಪ್ರಾಣ ಕಳೆದುಕೊಂಡ. ಅದೇ ವರ್ಷ ತಮಿಳುನಾಡಿನ ಇನ್ನೊಬ್ಬ ಜನಪ್ರಿಯ ಯೂಟ್ಯೂಬರ್ ಹೆದ್ದಾರಿಯಲ್ಲಿ ಬೈಕಿನ ಮುಂಚಕ್ರ ಎತ್ತಲು ಹೋಗಿ ಬಿದ್ದ. ಅವನ ಚಾಲನಾ ಪರವಾನಗಿ ಹತ್ತು ವರ್ಷ ಅಮಾನತಾಯಿತು. ಇವರು ಅಪಾಯ ತಂದುಕೊಂಡದ್ದು ಸಾರ್ವಜನಿಕ ರಸ್ತೆಯಲ್ಲಿ, ನೋಡುಗರಿಗಾಗಿ. ಅಂಥ ಚಾನೆಲ್‌ಗಳನ್ನು ನೋಡದಿರುವುದೇ ಅವಕ್ಕೆ ನಾವು ಹಾಕಬಹುದಾದ ದಂಡ. ಹಾಗೆಂದು ಸಂಘಟಿತ ಕ್ರೀಡೆ ಪೂರ್ತಿ ನಿರಪರಾಧಿಯೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರ‍್ಯಾಲಿ ಕಾರು ಬೈಕಿಗೆ ಬಡಿದು ದಂಪತಿ ಮತ್ತು ಅವರ ಮಗ ತೀರಿಕೊಂಡರು. ಆನ್‌ಬೋರ್ಡ್ ಕ್ಯಾಮೆರಾದ ದೃಶ್ಯ ನೋಡುವಾಗ ಗಮನಕ್ಕೆ ಬಾರದೆ ಉಳಿಯುವುದು ಇವು: ರಸ್ತೆಯ ಎರಡೂ ತುದಿ ಮುಚ್ಚಿ ಕಾಯುವವರು, ಸೀಟಿಗೆ ಬಿಗಿದ ಐದಾರು ಪಟ್ಟಿಗಳು, ಕಾರಿನೊಳಗಿನ ಉಕ್ಕಿನ ಪಂಜರ, ಕಾದು ನಿಂತ ಆಂಬುಲೆನ್ಸ್. ಇವುಗಳಲ್ಲಿ ಒಂದು ತಪ್ಪಿದರೂ ಜೀವ ಹೋಗಬಹುದು. ಊರ ರಸ್ತೆಯಲ್ಲಿ ಒಂದೂ ಇರುವುದಿಲ್ಲ. ಪೇಸ್ ನೋಟ್ ಅರ್ಥವಾದವನಿಗೆ ಈ ವ್ಯತ್ಯಾಸವೂ ಹೊಳೆಯುತ್ತದೆ: ಮುಂದಿನ ತಿರುವಿನಾಚೆ ಎಮ್ಮೆ ನಿಂತಿದೆಯೋ ಶಾಲಾಮಕ್ಕಳು ಬರುತ್ತಿದ್ದಾರೋ ಎಂದು ಓದಿ ಹೇಳುವವರು ಪಕ್ಕದಲ್ಲಿಲ್ಲ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕವನ್ನು ಒಳ್ಳೆಯ ಚಾನೆಲ್ ಕಲಿಸುತ್ತದೆ, ಕೆಟ್ಟದ್ದು ಮುಚ್ಚಿಡುತ್ತದೆ. ಪಾಲಕರು ಕಾನೂನನ್ನೂ ತಿಳಿದಿರಲಿ: ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅವರು ಅಪರಾಧ ಎಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ.

ಉಳಿದದ್ದು ಭಾಷೆಯ ಮಾತು. ಇಲ್ಲಿ ಹೆಸರಿಸಿದ ಚಾನೆಲ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಯೂಟ್ಯೂಬ್‌ನ ಯಾಂತ್ರಿಕ ಅನುವಾದದಲ್ಲಿ ಕನ್ನಡ ಅಡಿಬರಹ ಹಾಕಿಕೊಳ್ಳಬಹುದು. ಆದರೆ ಗ್ಯಾರೇಜಿನ ಮಾತು ಅದಕ್ಕೆ ಗೊತ್ತಿಲ್ಲ, ಬಿಡಿಭಾಗಗಳ ಹೆಸರು ಬಂದಲ್ಲೆಲ್ಲ ಅದು ದಾರಿ ತಪ್ಪುತ್ತದೆ. ಹೊಸ ಕಾರಿನ ಬೆಲೆ ಹೇಳಲು ಕನ್ನಡದಲ್ಲಿ ಜನರಿದ್ದಾರೆ. ಬೇಕಾಗಿರುವುದು ಕ್ಲಚ್ ಪ್ಲೇಟ್ ಏಕೆ ಸವೆಯಿತೆಂದು ಬಿಚ್ಚಿ ತೋರಿಸುವ ಮೆಕ್ಯಾನಿಕ್ಕು, ಚಿಕ್ಕಮಗಳೂರಿನ ಒಂದು ರ‍್ಯಾಲಿ ಹಾದಿಯನ್ನು ತಿರುವು ತಿರುವಾಗಿ ಕನ್ನಡದಲ್ಲಿ ವಿವರಿಸುವ ಸಹಚಾಲಕ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಗ್ಯಾರೇಜುಗಳಿವೆ, ಐಟಿಐಗಳಿವೆ, ರ‍್ಯಾಲಿ ಓಡಿಸಿದ ಕಾಫಿ ಬೆಳೆಗಾರರಿದ್ದಾರೆ, ಎಲ್ಲರ ಕೈಯಲ್ಲೂ ಫೋನಿದೆ. ಈ ಕೆಲಸ ಬಲ್ಲ ಓದುಗರು ಯಾರಾದರೂ ಇದ್ದರೆ, ದಯವಿಟ್ಟು ಶುರು ಮಾಡಿ.